ಸಂತಾಪಕ್ಕೆ ಮುಚ್ಚಿದ ಬಾಗಿಲು

ಕೋಮ್ ಸಾಲಿಮ್, ಸೋಹಾಗ್ ಜಿಲ್ಲೆ
೧೫ ಜನವರಿ ೨೦೨೧, ಶುಕ್ರವಾರ

ಪ್ರೀತಿಯ ಇನ್ಸಾಫ್ ಅಕ್ಕನಿಗೆ,

ಅಲ್ಲಾಹನ ಶಾಂತಿ ನಿನ್ನ ಮೇಲಿರಲಿ. ಅಲೆಕ್ಸಾಂಡ್ರಿಯಾದಲ್ಲಿ ನೀನೂ ಭಾವನೂ ಕ್ಷೇಮವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಪೆನ್ನು ಹಿಡಿದರೆ ನನ್ನ ಬದ್ರಿಯಾಳ ಹೆಸರೇ ಬರುತ್ತದೆ, ಮುಂದೆ ಸಾಗುವುದಿಲ್ಲ.

ಮಗಳು ಸತ್ತ ಮನೆಗೆ ಸಂತಾಪಕ್ಕೆ ಬಂದವರನ್ನು ಬಾಗಿಲಿಂದಲೇ ಕಳಿಸಿದೆಯಂತೆ, ರೋಗದ ಭಯವೇ ಎಂದು ಕೇಳಿದ್ದೀಯ. ಭಯವಲ್ಲ. ಕೊಲೆಯಾದ ಮನೆಯವರು ಸೇಡು ತೀರುವವರೆಗೆ ಸಂತಾಪ ಸ್ವೀಕರಿಸುವುದಿಲ್ಲ, ಬಂದವರಿಗೆ ಕಹಿ ಕಾಫಿ ಕೊಡುವುದಿಲ್ಲ. ನಮ್ಮ ಕಡೆಯ ಈ ಪದ್ಧತಿಯನ್ನು ನೀನು ಮರೆತಿರಲಾರೆ. ನಾನೂ ಕಾಫಿ ಕಾಯಿಸಿಲ್ಲ.

ನಮ್ಮ ತಮ್ಮ ಶಹಾತ ಕಾವಲಿರುವ ಊರ ಆಸ್ಪತ್ರೆಯಲ್ಲಿ ಆಮ್ಲಜನಕದ ಮಿಷನ್ ಇದ್ದದ್ದೇ ಒಂದು. ಬದ್ರಿಯಾ ಉಸಿರಿಗೆ ಒದ್ದಾಡುವಾಗ ಡಾಕ್ಟರು, "ಮಿಷನ್ ರಿಪೇರಿಗೆ ಹೋಗಿದೆ ತಾಯಿ, ದೇವರ ಮೇಲೆ ಭಾರ ಹಾಕಿ" ಎಂದರು.

"ನಾನು ದೇವರ ಮೇಲೆ ಹಾಕ್ತೀನಿ ಡಾಕ್ಟ್ರೇ, ನೀವು ಮಿಷನ್ ಎಲ್ಲಿ ಹಾಕಿದ್ರಿ ಹೇಳಿ" ಎಂದೆ. ಅವರು ತಮ್ಮ ಬೂಟು ನೋಡಿಕೊಂಡರು.

ಮಣ್ಣು ಮಾಡಿದ ಮೇಲೆ ಸಾವು ಬರೆಸಲು ಊರ ಯಜಮಾನ ಉಮ್ದಾನ ಮನೆಗೆ ಹೋದೆ. ಒಳಗಿನಿಂದ ಗೊರಗೊರ ಸದ್ದು. ಹಿಂದೆ ನನ್ನ ಅತ್ತೆಗೆ ಮಿಷನ್ ಹಾಕಿದಾಗ ಕೇಳಿದ್ದ ಅದೇ ಸದ್ದು.

"ನೀರಿನ ಪಂಪು ಚಿಕ್ಕಮ್ಮಾ" ಎಂದಳು ಅವನ ಸೊಸೆ.

"ಪಂಪಿಗೆ ಮಲಗೋ ಕೋಣೆ ಕೊಟ್ಟಿದ್ದೀರಾ? ಹಾಸಿಗೇನೂ ಹಾಕಿದ್ದೀರಾ?"

ಹುಡುಗಿ ತಡವರಿಸಿದಳು. "ಅಜ್ಜಿಗೆ ಮುಂದೆ ಬೇಕಾದೀತು ಅಂತ ಇಟ್ಕೊಂಡಿದೀವಿ. ಕೆಡಬಾರ್ದಲ್ಲ, ದಿನಾ ಒಂಚೂರು ಓಡಿಸ್ತೀವಿ."

ಆ ಅಜ್ಜಿ ಜಗಲಿಯಲ್ಲಿ ಕುಳಿತು ಕಲ್ಲಂಗಡಿ ಬೀಜ ಕಡಿಯುತ್ತ ಸಿಪ್ಪೆ ಉಗುಳುತ್ತಿದ್ದಳು.

ಆಯುಸ್ಸು ಅಲ್ಲಾಹನದು, ಒಪ್ಪಿದೆ. ಆದರೆ ಮಿಷನ್‌ಗೆ ಕಾಲಿರಲಿಲ್ಲವಲ್ಲ ಅಕ್ಕ, ಯಾರೋ ಹೊತ್ತಿರಬೇಕು. ಈಗ ಊರಿನಲ್ಲಿ ಯಾರು ಸಲಾಂ ಹೇಳಿದರೂ ಅವರ ಕೈಯನ್ನೇ ನೋಡುತ್ತೇನೆ.

ನಿನ್ನ ಮಕ್ಕಳ ಉಸಿರನ್ನು ಅಲ್ಲಾಹನು ಕಾಯಲಿ.

ನಿನ್ನ ತಂಗಿ,
ನಬವಿಯ್ಯಾ

ಮರೆತ ಮಾತು: ಶಹಾತನನ್ನಾದರೂ ಒಳಗೆ ಕರೆ ಎಂದು ಬರೆದಿದ್ದೀಯ. ಬದ್ರಿಯಾಗೆ ಉಸಿರು ಕಟ್ಟುವ ಹಿಂದಿನ ದಿನ ಅವನು ಬಂದು, "ಪಾಪ, ಯಾರೋ ಬಡ ರೋಗಿ ಚಳೀಲಿ ನಡುಗ್ತಿದಾಳೆ ಅಕ್ಕಾ" ಎಂದು ಅಮ್ಮ ಹೊಲಿದ ಕೆಂಪು ಕೌದಿ ಕೇಳಿದ. ಹರಸಿ ಕೊಟ್ಟೆ. ಉಮ್ದಾನ ಮನೆಯ ಬಾಗಿಲ ಸಂದಿಯಿಂದ ಕಂಡೆ, ಮಿಷನ್ ಪಕ್ಕದಲ್ಲಿ ಅದೇ ಕೌದಿ ಬಿದ್ದಿತ್ತು. ಅದನ್ನು ಮಿಷನ್ ಮೇಲೆ ಮುಚ್ಚಿಯೇ ಆಸ್ಪತ್ರೆಯಿಂದ ಸಾಗಿಸಿದ್ದಾನೆ. ಈಗಲೂ ಬಾಗಿಲು ಬಡಿಯುತ್ತಿದ್ದಾನೆ: "ಅಕ್ಕಾ, ಕಹಿ ಕಾಫಿ ಒಂದು ಗುಟುಕು ಕೊಡೇ." ಒಲೆ ಹಚ್ಚಲೇ, ಬೇಡವೇ, ನೀನೇ ಹೇಳು.