ಒಳಗೆ ಅಂದರೆ ಯಾವುದರ ಒಳಗೆ?

ರೀ,

ಕಾರಿನ ಕೀಲಿ ನನ್ನ ಬ್ಯಾಗಿನಲ್ಲಿದೆ, ಹುಡುಕಬೇಡಿ. ನಿಮ್ಮ ತಾತ ಓಡಿಸಿದ ಆ ಕಾರಿನ ಎಂಜಿನ್ನನ್ನು ಇನ್ನೊಂದು ಸಲ ಸ್ಟಾರ್ಟ್ ಮಾಡಿದರೆ ಅದೂ ತಾತನ ಹತ್ತಿರವೇ ಹೋಗುತ್ತೆ.

ಆಯಿಲ್ ಫಿಲ್ಟರಿನ ಎರಡು ಪೈಪಿಗೂ ನೀವೇ ಚೀಟಿ ಅಂಟಿಸಿದಿರಿ, "ಒಳಗೆ", "ಹೊರಗೆ" ಅಂತ. ಯಾವುದರ ಒಳಗೆ, ಮಹಾರಾಯರೇ? ಬರೆದದ್ದು ಎಂಜಿನ್ನಿನ ಒಳಗೆ ಅಂತ, ಜೋಡಿಸಿದ್ದು ಫಿಲ್ಟರಿನ ಒಳಗೆ! ಫಿಲ್ಟರಿನಲ್ಲಿ ಎಣ್ಣೆ ಒಂದೇ ದಿಕ್ಕಿಗೆ ಹರಿಯೋದು; ಈಗ ಎಂಜಿನ್ನಿಗೆ ದಾರಿ ಕಾಣದೆ ನಿಂತಿದೆ. ಪ್ರೆಶರಿನ ಮುಳ್ಳು ಏಳಲಿಲ್ಲ ಅಂತ ಪಾಪದ ಮೀಟರಿಗೇ ಮೊಟಕಿದಿರಲ್ಲ!

ಪೈಪುಗಳನ್ನು ಅದಲುಬದಲು ಮಾಡಿ. ಕೆಳಗೆ ಹಳೇ ಬಕೆಟ್ ಇಡಿ. ನನ್ನ ಹಿಟ್ಟು ನಾದುವ ಪಾತ್ರೆ ಮುಟ್ಟಿದರೆ ಜೋಕೆ. ಸಂಜೆ ಬಂದು ನಾನೇ ಸ್ಟಾರ್ಟ್ ಮಾಡ್ತೀನಿ, ನೀವು ಪಕ್ಕದಲ್ಲಿ ಕೂತು ಮುಳ್ಳು ನೋಡಿ.

ಊಟ ಒಳಗಿದೆ. ಅಡುಗೆಮನೆಯ ಒಳಗೆ.