ಎಂಟು ಅಂಕದ ಅರಾಲಿ

ಮಾರ್ಚ್ 4, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಗೆ ಬರಬೇಕಾಗಿದ್ದು ಬಾರದೇ ಹೋದ ಗಣ್ಯರೇ, ಗೋಡೆಗೊರಗಿ ಸಾಲಾಗಿ ನಿಂತಿರುವ ಖಾಲಿ ಆಕ್ಸಿಜನ್ ಸಿಲಿಂಡರುಗಳೇ! ಹಾವೇರಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಲೆಕ್ಕದ ಮೇಷ್ಟ್ರಾಗಿ ಉಗಾಂಡಕ್ಕೆ ಬಂದು, ಹತ್ತೊಂಬತ್ತು ವರ್ಷದಲ್ಲಿ ಫೋರ್ಟ್ ಪೋರ್ಟಲಿನ ಈ ಆಸ್ಪತ್ರೆಯ ಅಂಕಿ ಗುಮಾಸ್ತನಾಗಿ ಬಡ್ತಿಯೋ ಹಿಂಬಡ್ತಿಯೋ ಪಡೆದ ನಾನು, ತಮ್ಮೆಲ್ಲರಿಗೂ ವಂದಿಸಿ, ಒಂದು ಚಾರ್ಟನ್ನು ಲೋಕಾರ್ಪಣೆ ಮಾಡುತ್ತಿದ್ದೇನೆ.

ಚಪ್ಪಾಳೆ ಇಲ್ಲ. ಇರಲಿ.

ವಿಷಯ ಇಷ್ಟೇ. ತಲೆಗೆ ಪೆಟ್ಟು ಬಿದ್ದು ಬಂದವರಲ್ಲಿ ಮುಂದಿನ ಇಪ್ಪತ್ತನಾಲ್ಕು ಗಂಟೆಯೊಳಗೆ ಯಾರ ಉಸಿರು ಕೈಕೊಡುತ್ತದೆ? ನಮ್ಮಲ್ಲಿ ವೆಂಟಿಲೇಟರ್ ಎರಡೇ. ಉಸಿರು ನಿಂತ ಮೇಲೆ ಓಡಾಡಿದರೆ ಹೆಣಕ್ಕೆ ಗಾಳಿ ಹಾಕಿದಂತೆ. ಮುಂಚೆಯೇ ತಿಳಿದು ಮಷೀನಿನ ಹಾಸಿಗೆಗೆ ಸೇರಿಸಬೇಕು. ಆರು ವರ್ಷದ ಕೇಸ್ ಶೀಟು, ಗೆದ್ದಲು ತಿಂದದ್ದು ಬಿಟ್ಟು ನಾನೂರ ಹನ್ನೊಂದು. ಎಲ್ಲ ಜಾಲಾಡಿ ಹತ್ತು ಅಂಕದ ಚಾರ್ಟ್ ಮಾಡಿದೆ. ಆರು ದಾಟಿದವರಿಗೆ ಮಷೀನು. ನನ್ನ ನೆನಪಿಗೊಂದು ಪದ್ಯ:

ಕರೆದರೆ ಓಗೊಡದಿದ್ದರೆ ಮೂರು,
ಗೊರಗೊರ ಉಸಿರಿಗೆ ಒಂದನು ಸೇರು.
ಪಾಪೆ ಹಿಗ್ಗಿತೋ, ಹಾಕು ಎರಡು,
ವಾಂತಿ ಎದೆಗಿಳಿದರೆ ಇನ್ನೂ ಎರಡು.
ಬೆರಳಿನ ಕ್ಲಿಪ್ಪು ತೊಂಬತ್ತರ ಕೆಳಗೆ?
ಕಡೆಯ ಎರಡು. ಎತ್ತಿಕೋ ಒಳಗೆ.

ಪ್ರಾಸಕ್ಕೆ ಮಾತ್ರ ಹತ್ತಕ್ಕೆ ಹತ್ತು.

ಮಾರ್ಚ್ 7, ಗುರುವಾರ

ಮೂರೇ ದಿನಕ್ಕೆ ಇಬ್ಬರು. ಇಬ್ಬರಿಗೂ ಏಳೇಳು, ಇಬ್ಬರೂ ಮಷೀನಿಗೆ ಹೋದರು. ಚಾರ್ಟ್ ನಿಜವಾಯಿತು ಎಂದು ಟೀ ಹೊತ್ತಿನಲ್ಲಿ ಡಾಕ್ಟರ್ ಕಬಹೆಂಡಾ ಮುಂದೆ ಎದೆ ಉಬ್ಬಿಸಿದೆ. ಆಕೆ ಕಪ್ಪಿನಿಂದ ತಲೆ ಎತ್ತಲಿಲ್ಲ.

"ಏನ್ರೀ ನಿಜ ಆಯ್ತು, ಅಪೂಲಿ? ನೀವು ಏಳು ಅಂತೀರಿ, ನಾನು ಮಷೀನ್ ಹಾಕ್ತೀನಿ. ಆಮೇಲೆ ನೀವು, ನೋಡಿ ಮಷೀನ್ ಬೇಕಾಯ್ತು ಅಂತೀರಿ. ಇದು ಭವಿಷ್ಯ ಅಲ್ಲ, ಅಪ್ಪಣೆ."

"ಹಾಕದೇ ಇದ್ದಿದ್ರೆ ಸಾಯ್ತಿದ್ರು, ಡಾಕ್ಟ್ರೇ."

"ನಿಮಗೇನು ಗೊತ್ತು? ಹಾಕದೇ ನೋಡಿದ್ದೀರಾ?"

ನರ್ಸ್ ಕಟುಸೀಮೆ ಟೀ ತುಳುಕುವಷ್ಟು ನಕ್ಕಳು. "ನಮ್ಮ ಅಪೂಲಿ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅನ್ನೋ ಜಾತಿ."

ಅಪೂಲಿ ಅಂದರೆ ನಾನೇ. ಈ ಸೀಮೆಯಲ್ಲಿ ಪ್ರತಿಯೊಬ್ಬರಿಗೂ ಹುಟ್ಟುಹೆಸರಿನ ಜೊತೆ ಒಂದು ಗೌರವದ ಹೆಸರು. ಊರಿಗೆಲ್ಲ ಸೇರಿ ಅಂಥವು ಹನ್ನೆರಡೇ. ಅದರಲ್ಲೇ ಎಲ್ಲರೂ ಹಂಚಿಕೊಂಡು ಬದುಕಬೇಕು. ಬಂದ ವರ್ಷವೇ ನನಗೂ ಒಂದು ಕಟ್ಟಿದರು. ಹೆಸರು ಅಪೂಲಿ, ಕೆಲಸ ಅಂಕಿಯ ಕೂಲಿ.

ಹಾಕದೇ ನೋಡಿದ್ದೀರಾ... ಊಟ ಸೇರಲಿಲ್ಲ.

ಮಾರ್ಚ್ 14, ಗುರುವಾರ, ಸಂಜೆ 7

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ರ್ವಾಕೈಕಾರ ಬಂದರು. ನಿವೃತ್ತ ಹೆಡ್‌ಮಾಸ್ಟರ್, ಅರವತ್ತೆಂಟು. ಸೈಕಲ್ಲಿಗೆ ಚಹಾತೋಟದ ಪಿಕಪ್ ಗುದ್ದಿದೆ. ಹೆಂಡತಿ ನ್ಯಾಕಾಟೊ ಜೊತೆಗೆ. ಕರೆದರೆ ಓಗೊಡುವುದಿಲ್ಲ, ಗೊರಗೊರ, ಒಂದು ಪಾಪೆ ಹಿಗ್ಗಿದೆ, ವಾಂತಿ ಎದೆಗಿಳಿದಿದೆ. ಎಂಟು.

ಹನ್ನೊಂದಕ್ಕೆ ಬುಸಿಂಗೆ. ಬಾಡಿಗೆ ಬೈಕ್ ಓಡಿಸುವವನು, ಇಪ್ಪತ್ತಾರು. ಬಾಳೆಹಣ್ಣಿನ ಹೆಂಡ ಕುಡಿದು ಮೋರಿಗೆ ಬಿದ್ದಿದ್ದಾನೆ. ಕೈಕಾಲು ಬಡಿಯುತ್ತಾನೆ, ನರ್ಸನ್ನು ಬೈಯುತ್ತಾನೆ. ವಾಂತಿ ಎದೆಗಿಳಿದಿದೆ, ಅಷ್ಟೇ. ಎರಡು.

ಇಬ್ಬರ ಗೌರವದ ಹೆಸರೂ ಒಂದೇ. ಅರಾಲಿ.

ಅಷ್ಟರಲ್ಲಿ ಕಸೇಸೆ ರಸ್ತೆಯಲ್ಲಿ ಬಸ್ ಪಲ್ಟಿ. ಡಾಕ್ಟರ್ ಆಪರೇಷನ್ ಥಿಯೇಟರಿಗೆ. ಖಾಲಿ ಇದ್ದದ್ದು ಒಂದು ಮಷೀನು. ಕಟುಸೀಮೆ ಬೋರ್ಡಿನ ಮೇಲೆ 'ಅರಾಲಿ – 8, ಮಷೀನ್' ಎಂದು ಬರೆದು ತಾನೂ ಥಿಯೇಟರಿಗೆ ಓಡಿದಳು. ಹುಟ್ಟುಹೆಸರು ಯಾಕೆ ಬರೆಯಲಿಲ್ಲ? ಹೇಗೆ ಬರೆದಾಳು! ತನಗೆ ಅಕ್ಷರ ಕಲಿಸಿದ ಮೇಷ್ಟ್ರು. ಹಿರಿಯರ ಹುಟ್ಟುಹೆಸರನ್ನು ಎಲ್ಲರ ಕಣ್ಣಿಗೆ ಬೋರ್ಡಿನ ಮೇಲೆ ಬರೆಯುವುದು ಮರ್ಯಾದೆಯೇ?

ವಾರ್ಡಿನ ಆಳು ಮುಗಿಸಾ ಸ್ಟ್ರೆಚರ್ ತಳ್ಳಿಕೊಂಡು ಕಾರಿಡಾರಿಗೆ ಬಂದು ಕೂಗಿದನಂತೆ, "ಅರಾಲಿ ಕಡೆಯವರು ಯಾರಿದ್ದೀರಿ?" ನ್ಯಾಕಾಟೊ ನಲ್ಲಿಯ ಹತ್ತಿರ ಗಂಡನ ರಕ್ತದ ಅಂಗಿ ಒಗೆಯುತ್ತಿದ್ದಳು. ಬುಸಿಂಗೆಯ ಹೆಂಡತಿ ಎದ್ದಳಂತೆ. "ನಾವೇ ಕಣಣ್ಣ, ಇಲ್ಲಿದ್ದೀವಿ." ಹೋದರು. ಅರಿವಳಿಕೆಯವನು ಬೋರ್ಡ್ ನೋಡಿದ, ಬುಸಿಂಗೆಗೆ ಮದ್ದು ಕೊಟ್ಟ, ಕೊಳವೆ ಇಳಿಸಿದ. ಬೈಯುತ್ತಿದ್ದವನು ತೆಪ್ಪಗಾದ.

ನಾನಾಗ ಕ್ಯಾಂಟೀನಿನಲ್ಲಿದ್ದೆ. ಆಮೇಲೆ ರೆಕಾರ್ಡ್ ರೂಮು. ಮೂರು ಗಂಟೆಯವರೆಗೆ ವಾರ್ಡಿನ ಕಡೆ ಬರಲಿಲ್ಲ.

ಮೂರಕ್ಕೆ ಕಟುಸೀಮೆ ಥಿಯೇಟರಿನಿಂದ ಬಂದವಳು ಕಿರುಚಿದ್ದು ನನ್ನ ರೂಮಿಗೂ ಕೇಳಿತು. ಮೇಷ್ಟ್ರು ವಾರ್ಡಿನಲ್ಲೇ ಇದ್ದಾರೆ! ಹತ್ತು ನಿಮಿಷಕ್ಕೆ ಉಸಿರು ನಿಂತಿತು. ಅವಳೇ ಕೊಳವೆ ಹಾಕಿ ಕೈಯಿಂದ ಬಲೂನು ಒತ್ತತೊಡಗಿದಳು. ಡಾಕ್ಟರ್ ಓಡಿ ಬಂದರು.

"ಆ ಹುಡುಗನ್ನ ಕಿತ್ತು ಇವರಿಗೆ ಹಾಕಿ ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ!"

"ಅವನ ಉಸಿರು ನಾವೇ ನಿಲ್ಲಿಸಿದ್ದೀವಲ್ಲೇ! ಮದ್ದು ಇಳಿಯೋವರೆಗೆ ಕಿತ್ರೆ ಅವನೂ ಹೋಗ್ತಾನೆ. ಒತ್ತು. ಸುಮ್ನೆ ಒತ್ತು."

ಎರಡು ಗಂಟೆ ಒತ್ತಿದಳು. ಐದೂ ಇಪ್ಪತ್ತಕ್ಕೆ ಹೃದಯವೂ ನಿಂತಿತು. ಆಮೇಲೂ ಒತ್ತುತ್ತಿದ್ದಳು. ಡಾಕ್ಟರ್ ಅವಳ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಮಾರ್ಚ್ 15

ಬುಸಿಂಗೆಯ ಕೊಳವೆ ತೆಗೆದರು. ಮೊದಲ ಮಾತು — "ನನ್ನ ಬೈಕ್ ಎಲ್ಲಿ?" ಎರಡನೆಯದು ಮಟೋಕೆ ಬೇಕು ಎಂದು. ಬೇಯಿಸಿದ ಬಾಳೆಕಾಯಿ ಗಬಗಬ ತಿಂದ. ಯಾರ ಮಷೀನಿನಲ್ಲಿ ಮಲಗಿದ್ದೆ ಎಂಬುದು ಅವನಿಗೆ ಗೊತ್ತಿಲ್ಲ.

ಎಂಟು ಅಂಕದವರಿಗೆ ಮಷೀನು ಬೇಕಿತ್ತು. ಎರಡು ಅಂಕದವನಿಗೆ ಬೇಡವಾಗಿತ್ತು. ಚಾರ್ಟ್ ಎರಡೂ ಕಡೆ ಸರಿ. ಬರೀ ದಾಖಲೆಗಾಗಿ ಬರೆದಿದ್ದೇನೆ.

ಮಾರ್ಚ್ 19, ಮಂಗಳವಾರ

ವಿಚಾರಣೆ. ಮೇಜಿನಾಚೆ ಮೂವರು, ಈಚೆ ಕಟುಸೀಮೆ ಒಬ್ಬಳೇ.

"ಪೂರ್ತಿ ಹೆಸರು ಬರೀಬೇಕು ಅನ್ನೋ ನಿಯಮ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ನಿಮ್ಮ ಅಪ್ಪ ಬಂದು ಮಲಗಿದ್ರೆ ನೀವು ಏನಂತ ಬರೀತಿದ್ರಿ?"

ಒಬ್ಬ ಪೆನ್ನು ಕೆಳಗಿಟ್ಟ. ಆಮೇಲೆ ನನ್ನನ್ನು ಕರೆದರು. ಕ್ಯಾಂಟೀನ್, ರೆಕಾರ್ಡ್ ರೂಮು, ಮೂರು ಗಂಟೆ. ಬಾಯಿಪಾಠ ಚೆನ್ನಾಗಿ ಬಂತು. ಸಹಿ ಹಾಕಿದೆ.

ಹೊರಗೆ ಕಟುಸೀಮೆ ಕೇಳಿದಳು, "ಅಪೂಲಿ, ಅಂಕದ ಹಾಳೆ ನಿಮ್ಮ ಕೈಲೇ ಇತ್ತಲ್ಲ. ಒಂದು ಸಲ ವಾರ್ಡಿಗೆ ಇಣುಕಿದ್ರೆ ಸಾಕಿತ್ತು."

"ಕೆಲಸ ಇತ್ತು" ಅಂದೆ.

"ಹೌದು. ನಿಮಗೆ ಕೆಲಸ ಜಾಸ್ತಿ." ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಮಾರ್ಚ್ 27, ಬುಧವಾರ

ನ್ಯಾಕಾಟೊ ರೂಮಿಗೆ ಬಂದಳು. ತಂದದ್ದು ಒಂದು ಗೊನೆ ಬಾಳೆಕಾಯಿ. ಕೊಟ್ಟು, ಎರಡೂ ಕೈಯಲ್ಲಿ ನನ್ನ ಕೈ ಹಿಡಿದಳು.

"ಎಂಟು ಅಂತ ಬರೆದೋರು ನೀವಂತೆ. ಇವರಿಗೆ ಮಷೀನ್ ಬೇಕು ಅಂತ ಇಡೀ ಆಸ್ಪತ್ರೇಲಿ ಗೊತ್ತಾಗಿದ್ದು ನಿಮಗೊಬ್ರಿಗೇ."

"ಅದು... ಚಾರ್ಟ್, ತಾಯಿ."

"ಅವತ್ತು ನೀವು ಎಷ್ಟು ಸಲ ಬಂದು ಅವರ ಪಕ್ಕ ನಿಂತ್ರಿ! ಗಡಿಯಾರ ನೋಡ್ತಾ, ಬರೀತಾ... ಸ್ವಂತ ತಮ್ಮನೂ ಹಾಗೆ ನಿಲ್ಲಲ್ಲ. ಇಷ್ಟು ನೋಡ್ಕೋತಿದ್ದಾರಲ್ಲ ಅಂತ ಧೈರ್ಯ ಬಂತು. ಅದಕ್ಕೇ ಯಾರನ್ನೂ ಕೂಗಲಿಲ್ಲ ನಾನು."

ಮುದುಕಿಗೆ ಯಾರೋ ನನ್ನಂತೆ ಕಂಡಿರಬೇಕು. ದುಃಖದಲ್ಲಿ ಹೀಗಾಗುತ್ತದೆ.

ಗೊನೆಯನ್ನು ಕ್ಯಾಂಟೀನಿಗೆ ಕೊಟ್ಟೆ.

ಏಪ್ರಿಲ್ 2

ಕಂಪಾಲಾದಿಂದ ಪತ್ರ. ಚಾರ್ಟಿನ ಬಗ್ಗೆ ಸಮ್ಮೇಳನದಲ್ಲಿ ಮಾತಾಡಬೇಕಂತೆ. ಡಾಕ್ಟರ್ ಕಬಹೆಂಡಾ ಓದಿ ವಾಪಸ್ ಕೊಟ್ಟರು.

"ಹೋಗಿ ಬನ್ನಿ. ನಾನು ಕೇಳಿದ್ದಕ್ಕೆ ಉತ್ತರ ಸಿಕ್ತಲ್ಲ. ದೇವರಿಗೇ ಬೇಕು ಇಂಥ ಪರೀಕ್ಷೆ."

ಇವತ್ತೇ ಕಟುಸೀಮೆಗೆ ವರ್ಗದ ಆದೇಶವೂ ಬಂತು. ಸರೋವರದಂಚಿನ ನ್ಟೊರೊಕೊ, ಒಂದೇ ಕೋಣೆಯ ಉಪಕೇಂದ್ರ. ಅಲ್ಲಿ ಹೆರಿಗೆ ಮತ್ತು ಮಲೇರಿಯಾ ಮಾತ್ರ. ಉಸಿರು ನಿಲ್ಲುವವರು ಅಲ್ಲಿಗೆ ತಲುಪುವುದೇ ಇಲ್ಲ. ಅವಳ ಇಬ್ಬರು ಮಕ್ಕಳು ಇಲ್ಲೇ ಅಜ್ಜಿಯ ಹತ್ತಿರ.

ಪದ್ಯಕ್ಕೆ ಕೂತೆ. ನ್ಟೊರೊಕೊಗೆ ಪ್ರಾಸ ಸಿಗಲಿಲ್ಲ.

ಏಪ್ರಿಲ್ 5, ಶುಕ್ರವಾರ, ಬೆಳಿಗ್ಗೆ 6

ಕಟುಸೀಮೆಯ ಟ್ಯಾಕ್ಸಿ ಏಳಕ್ಕೆ.

ಅವತ್ತು ಕ್ಯಾಂಟೀನಿನಲ್ಲಿ ಇರಲಿಲ್ಲ ನಾನು.

ಕಾರಿಡಾರಿನ ತಿರುವಿನಲ್ಲಿದ್ದೆ, ಬೀರುವಿನ ಹಿಂದೆ. ಮುಗಿಸಾ ಕೂಗಿದ್ದನ್ನು ಯಾರಿಂದಲೋ ಕೇಳಿದ್ದಲ್ಲ, ಕಿವಿಯಾರೆ ಕೇಳಿದ್ದು. ಆ ಹೆಂಗಸು ಎದ್ದಳು. ಹಾಳೆ ನನ್ನ ಕೈಯಲ್ಲಿತ್ತು, ಎಂಟೂ ಎರಡೂ ಒಂದರ ಕೆಳಗೊಂದು. ಬಾಯಿ ತೆರೆದೆ. 'ಇವನಲ್ಲ' — ನಾಲ್ಕಕ್ಷರ, ಅಷ್ಟೇ. ಆಗ ನೆನಪಾಯಿತು, ಹಾಕದೇ ನೋಡಿದ್ದೀರಾ? ಬಾಯಿ ಮುಚ್ಚಿದೆ. ಹೆದರಿಕೆಯಿಂದಲ್ಲ, ಮರೆವಿನಿಂದಲ್ಲ. ನೋಡಬೇಕಿತ್ತು. ಇನ್ನೊಮ್ಮೆ ಇಂಥದ್ದು ಸಿಗುವುದಿಲ್ಲ ಎಂದು ಗೊತ್ತಿತ್ತು, ಖುಷಿಯಾಯಿತು. ಹೌದು, ಖುಷಿ.

ನ್ಯಾಕಾಟೊ ನೋಡಿದ್ದು ನನ್ನನ್ನೇ. ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿದೆ. ಹಾಳೆ ಇಲ್ಲೇ ಇದೆ.

11.50 — 22
12.30 — 24
1.10 — 28
1.50 — 19, ನಡುನಡುವೆ ನಿಲ್ಲುತ್ತಿದೆ
2.20 — 12
2.40 — 9. ಹೆಂಡತಿ ಕೇಳಿದಳು, ಹೇಗಿದ್ದಾರೆ? ಮಲಗಿದ್ದಾರೆ ಅಂದೆ
2.55 — 5
3.00 — ಕಟುಸೀಮೆಯ ಹೆಜ್ಜೆ ಸದ್ದು, ರೂಮಿಗೆ ಓಡಿದೆ