ಬಾಟನಿ ಪುಸ್ತಕದ ಅಳತೆ

ಹಾಸ್ಟೆಲ್, ಜಮಖಂಡಿ
ಭಾನುವಾರ

ಪ್ರೀತಿಯ ಅಪ್ಪನಿಗೆ,

ಶೀತಲ್ ಮಾಡುವ ನಮಸ್ಕಾರ. ಮೊನ್ನೆ ಫೋನಿನಲ್ಲಿ ನೀವು, “ಬಾಟನಿ ಪುಸ್ತಕ ತಗೊಂಡಿ ಹೌದಲ್ಲ? ಉದ್ದ ಎಷ್ಟು, ಅಗಲ ಎಷ್ಟು ಹೇಳವಾ, ನಮ್ಮ ಮಗ್ಗದ ಅರಿವೀಲೆ ಕವರ ಹೊಲದು ಕಳಸ್ತೀನಿ” ಅಂದಾಗ, ನೆಟ್‌ವರ್ಕ್ ಇಲ್ಲವೆಂದು ಕಟ್ ಮಾಡಿದೆ. ಅದು ಸುಳ್ಳು. ಸಾರಿ ಅಪ್ಪಾ. ಆ ಪುಸ್ತಕಕ್ಕೆ ಅಳತೆಯೇ ಇರಲಿಲ್ಲ. ಕ್ಲಾಸಿನಲ್ಲಿ ಎಲ್ಲರೂ ಕೊಂಡರೆಂದು ನಾನೂ ಮೊಬೈಲಿನಲ್ಲಿ ಓದುವ ಇ-ಬುಕ್ ಕೊಂಡಿದ್ದೆ.

ಕೊಂಡ ಮೇಲೆ ಕಂಡಿಷನ್ ಓದಿದೆ. ಪರೀಕ್ಷೆ ಮುಗಿದ ತಿಂಗಳಿಗೆ ಅದು ತಾನೇ ಬಂದ್ ಆಗುತ್ತದೆ, ಬೇರೆಯವರಿಗೆ ಕೊಡುವಂತಿಲ್ಲ. ಹಾಗಾದರೆ ಮುಂದಿನ ವರ್ಷ ತಂಗಿ ರಕ್ಷಿತಾ ಏನು ಓದಬೇಕು? ಎರಡು ದಿನ ಊಟ ಸೇರಲಿಲ್ಲ. ರೂಮಿನಲ್ಲಿರುವ ಸೀನಿಯರ್ ಮೇಘಾ ಕೇಳಿ ನಕ್ಕಳು.

“ಹುಚ್ಚಿ, ಇದಕ್ಕ ಅಳ್ತಾರೇನ? ಏಳು ದಿನದಾಗ ವಾಪಸ್ ಕೊಡಾಕ ಬರ್ತೈತಿ. ಅದೂ ಅಲ್ಲೇ ಬರದೈತಿ, ಕೆಳಗಿಂದು ಓದಿಲ್ಲೇನ?”

ಅಂದು ಆರನೇ ದಿನ! ಕೂಡಲೇ ಕಂಪನಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದೆ. ಒಪ್ಪಿ ದುಡ್ಡು ವಾಪಸ್ ಹಾಕಿದರು ಅಪ್ಪಾ, ಅದೂ ನನ್ನ ಇಂಗ್ಲಿಷಿಗೆ!

ಈಗ ಮೇಘಾಳ ಹಳೆಯ ಪುಸ್ತಕ ನನ್ನದು. ಮೊದಲ ಪುಟದಲ್ಲಿ ಐದು ಹುಡುಗಿಯರ ಹೆಸರುಗಳಿವೆ. ಆರನೆಯದು ನನ್ನದು. ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ, ರಕ್ಷಿತಾಗೆ ಹೇಳಿ.

ಉದ್ದ ಒಂಬತ್ತೂವರೆ ಇಂಚು, ಅಗಲ ಏಳು, ದಪ್ಪ ಎರಡು. ಸ್ಕೇಲ್ ಇಟ್ಟು ಮೂರು ಸಲ ಅಳೆದಿದ್ದೇನೆ. ಕವರನ್ನು ನಮ್ಮ ಬನಹಟ್ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟರೂ ಸಾಕು. ಹಸಿರು ಬಟ್ಟೆ ಇದ್ದರೆ ಛಲೋ. ಗಟ್ಟಿ ನೇಯ್ದದ್ದೇ ಇರಲಿ, ಇನ್ನೂ ಬಹಳ ಜನ ಓದಬೇಕು.

ನಿಮ್ಮ ಮಗಳು,
ಶೀತಲ್